ನಿಂತ ಮರದ ಮೇಲೆ ಸಾಲ: ಮೀನಂಗಾಡಿ ಪಂಚಾಯತಿಯ ಪ್ರಯೋಗ

ಮೈಸೂರಿನಿಂದ ಗುಂಡ್ಲುಪೇಟೆಯ ಮೇಲೆ ಕಲ್ಲಿಕೋಟೆಗೆ ಹೋಗುವ ಹೆದ್ದಾರಿಯಲ್ಲಿ, ಸುಲ್ತಾನ್ ಬತ್ತೇರಿ ದಾಟಿದರೆ ಮೀನಂಗಾಡಿ ಸಿಗುತ್ತದೆ. ವಯನಾಡಿನ ಈ ಗ್ರಾಮ ಪಂಚಾಯತಿಯಲ್ಲಿ ನಮ್ಮಂತೆಯೇ ಕಾಫಿ, ಅಡಿಕೆ, ಮೆಣಸು ಬೆಳೆಯುವ ಸಣ್ಣ ಹಿಡುವಳಿದಾರರು ಬಹಳ ಮಂದಿ.

ಭೂಮಿಯ ಉಷ್ಣತೆ ಏರುತ್ತಿರುವುದು ದೊಡ್ಡ ಸರಕಾರಗಳ ವಿಚಾರವೆಂದು ನಾವು ಸುಮ್ಮನಿರುವುದು ವಾಡಿಕೆ. ಮೀನಂಗಾಡಿ ಪಂಚಾಯತಿ 2016 ರಲ್ಲಿ ಬೇರೆ ದಾರಿ ಹಿಡಿಯಿತು. ತನ್ನ ಎಲ್ಲೆಯೊಳಗೆ ಹೊರಬೀಳುವ ಅನಿಲವನ್ನು ಅಲ್ಲಿನ ಮರ, ಮಣ್ಣು ಹೀರುವಷ್ಟಕ್ಕೆ ತರುವುದೆಂದು ನಿಶ್ಚಯಿಸಿತು. ಮೊದಲು ಮಾಡಿಸಿದ್ದು ಲೆಕ್ಕ: ವಾಹನ, ವಿದ್ಯುತ್, ಒಲೆ, ದನಕರು, ಕಸ ಎಲ್ಲ ಸೇರಿ ವರ್ಷಕ್ಕೆ ಸುಮಾರು 33 ಸಾವಿರ ಟನ್. ಹೀರಿಕೆ ಅದಕ್ಕಿಂತ ಸುಮಾರು 11 ಸಾವಿರ ಟನ್ ಕಡಿಮೆ. ಜಮಾಖರ್ಚು ಬರೆಯುವ ನಮ್ಮಂಥವರಿಗೆ ಈ ಕೊರತೆ ಬೇಗ ಅರ್ಥವಾಗುತ್ತದೆ.

ಕೊರತೆ ತುಂಬಲು ಮರ ಬೇಕು. ನೆಡುವುದು ಸುಲಭ, ಉಳಿಸುವುದು ಕಷ್ಟ. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಾದಾಗ ತೋಟದ ನೆರಳಿನ ಮರ ವ್ಯಾಪಾರಿಯ ಲಾರಿ ಏರುತ್ತದೆ. ಇದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಅಲ್ಲಿ 'ಮರ ಬ್ಯಾಂಕ್' ಯೋಜನೆ ತಂದರು. ಕೇರಳ ಸರಕಾರ 10 ಕೋಟಿ ರೂಪಾಯಿಯನ್ನು ಅಲ್ಲಿನ ಸಹಕಾರಿ ಬ್ಯಾಂಕಿನಲ್ಲಿ ಠೇವಣಿಯಿಟ್ಟಿತು. ರೈತನು ನೆಟ್ಟ ಮರವನ್ನು ಅಡವಿಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು.

ಐವತ್ತು ರೂಪಾಯಿ ಏನೂ ಹೆಚ್ಚಲ್ಲ. ಬೆಳೆದ ಸಿಲ್ವರ್ ಓಕಿನ ಬೆಲೆಗೆ ಅದು ಸಾಟಿಯೇ ಅಲ್ಲ. ಆದರೂ ನೂರು ಮರವಿದ್ದವನಿಗೆ ವರ್ಷಕ್ಕೆ ಐದು ಸಾವಿರವೆಂದರೆ ಗೊಬ್ಬರದ ಖರ್ಚಿಗೆ ಆಸರೆ. ಕಡಿಯದ ಮರಕ್ಕೂ ಬೆಲೆಯುಂಟೆಂದು ಬ್ಯಾಂಕಿನ ಪುಸ್ತಕದಲ್ಲಿ ದಾಖಲಾಯಿತಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ.

ನಮ್ಮ ಪಂಚಾಯತಿಗಳ ಕೈಯಲ್ಲೂ ಕೆಲಸಗಳಿವೆ. ಬೀದಿದೀಪ ಮತ್ತು ನೀರಿನ ಪಂಪಿನ ವಿದ್ಯುತ್ ಬಿಲ್ಲು ಅವುಗಳದೇ. ಹಸಿ ಕಸವನ್ನು ರಾಶಿ ಸುರಿದರೆ ಒಳಗೆ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ. ಕಾಂಪೋಸ್ಟ್ ಮಾಡಿದರೆ ತೋಟಕ್ಕೆ ಗೊಬ್ಬರ. ಮರದ ಸಾಲಕ್ಕೆ ಮಾತ್ರ ಸರಕಾರದ ಠೇವಣಿ ಬೇಕು. ಅದನ್ನು ಕೇಳಹೋಗುವಾಗ ನಮ್ಮಲ್ಲಿ ಲೆಕ್ಕವಿರಬೇಕು. ಮಹಾಸಭೆಗೆ ಬರುವ ಸದಸ್ಯರು ತಮ್ಮ ತೋಟದ ನೆರಳಿನ ಮರಗಳನ್ನು ಜಾತಿವಾರು ಎಣಿಸಿ ಪಟ್ಟಿ ತರಬೇಕಾಗಿ ವಿನಂತಿ.