ಬಾಗಿಲ ಬಳಿ ಬಂದ ಮಾತು

ನೀವು ಕೊನೆಯ ಸಲ ವೈದ್ಯರ ಬಳಿ ಹೋದದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಹೇಳಬೇಕೆಂದು ಮನೆಯಲ್ಲಿ ಅಂದುಕೊಂಡಿದ್ದೆಷ್ಟು, ಅಲ್ಲಿ ಹೇಳಿದ್ದೆಷ್ಟು? ಚೀಟಿ ಬರೆಸಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟುವ ಹೊತ್ತಿಗೆ ‘ಅಯ್ಯೋ, ಮುಖ್ಯವಾದದ್ದನ್ನೇ ಕೇಳಲಿಲ್ಲವಲ್ಲ’ ಎನಿಸಿತೆ? ಹಾಗೆ ಎನಿಸಿದವರು ನೀವೊಬ್ಬರೇ ಅಲ್ಲ. ಕುರ್ಚಿಯ ಈಚೆ ಕುಳಿತಿರುವ ನಮಗೂ ಎಷ್ಟೋ ಸಂಜೆ ಹಾಗೇ ಎನಿಸುತ್ತದೆ.

ನನ್ನ ಕ್ಲಿನಿಕ್ಕಿನಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಅರವತ್ತು ದಾಟಿದ ನಿವೃತ್ತ ಗುಮಾಸ್ತರೊಬ್ಬರು ಹೆಂಡತಿಯ ಜೊತೆ ಬಂದರು. ಕೂರುತ್ತಲೇ, “ಗ್ಯಾಸ್ ಡಾಕ್ಟ್ರೇ, ಹದಿನೈದು ದಿನದಿಂದ” ಎಂದರು. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಮಂದಿ ಕಾಯುತ್ತಿದ್ದರು. ಅವರು ಮುಂದಿನ ಮಾತು ಆಡುವ ಮೊದಲೇ ನಾನು, “ಖಾರ, ಕರಿದ ತಿಂಡಿ ಜಾಸ್ತಿ ತಿಂತೀರಾ?” ಎಂದು ಕೇಳಿದೆ. ಹೌದೆಂದರು. ಹೊಟ್ಟೆ ಮುಟ್ಟಿ ನೋಡಿದೆ, ಬಿ.ಪಿ. ನೋಡಿದೆ, ಆಮ್ಲ ತಗ್ಗಿಸುವ ಮಾತ್ರೆ ಬರೆದೆ. ಅವರು ಎದ್ದರು. ಬಾಗಿಲ ಪರದೆ ಸರಿಸುತ್ತಿದ್ದ ಅವರ ಹೆಂಡತಿ ಹಿಂತಿರುಗಿ, ಸಂಕೋಚದಿಂದಲೇ, “ಪ್ರತಿ ಶುಕ್ರವಾರ ಬೆಟ್ಟ ಹತ್ತುತಾ ಇದ್ರು ಡಾಕ್ಟ್ರೇ. ಈಗ ನಂದಿ ಹತ್ರ ಬರೋಕೆ ಮುಂಚೇನೇ ಎರಡು ಸಲ ಎದೆ ಹಿಡ್ಕೊಂಡು ಕೂತ್ಕೋತಾರೆ. ಸ್ವಲ್ಪ ಹೊತ್ತು ಕೂತ್ರೆ ಸರಿಹೋಗುತ್ತೆ. ಅದೂ ಗ್ಯಾಸೇ ಅಲ್ವಾ?” ಎಂದರು.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಸಾವಿರಕ್ಕೂ ಹೆಚ್ಚು. ವರ್ಷಗಟ್ಟಲೆ ಹತ್ತಿದವರು ಒಮ್ಮೆಲೇ ಅರ್ಧದಲ್ಲಿ ಕೂರುತ್ತಾರೆ, ಕೂತರೆ ನೋವು ಇಳಿಯುತ್ತದೆ, ಎದ್ದು ಹತ್ತಿದರೆ ಮತ್ತೆ ಬರುತ್ತದೆ ಎಂದರೆ ಅದು ಹೊಟ್ಟೆಯ ಮಾತಲ್ಲ, ಹೃದಯದ ಮಾತು. ಶ್ರಮಪಟ್ಟಾಗ ಹೃದಯದ ಸ್ನಾಯುವಿಗೆ ಹೆಚ್ಚು ರಕ್ತ ಬೇಕು. ಅದನ್ನು ಒಯ್ಯುವ ನಾಳ ಕಿರಿದಾಗಿದ್ದರೆ ರಕ್ತ ಸಾಲದೆ ಎದೆ ಬಿಗಿಯುತ್ತದೆ. ವಿಶ್ರಾಂತಿ ಪಡೆದರೆ ಬೇಡಿಕೆ ಇಳಿದು ನೋವೂ ಇಳಿಯುತ್ತದೆ. ಅವರನ್ನು ವಾಪಸು ಕೂರಿಸಿ ಇ.ಸಿ.ಜಿ. ತೆಗೆಸಿದೆ. ಅದು ಚೆನ್ನಾಗಿಯೇ ಇತ್ತು. ಸುಮ್ಮನೆ ಮಲಗಿದ್ದಾಗ ತೆಗೆದ ಇ.ಸಿ.ಜಿ. ಇಂಥವರಲ್ಲಿ ಚೆನ್ನಾಗಿರುವುದು ಅಪರೂಪವೇನಲ್ಲ. ಆ ಹೆಂಗಸಿನ ಮಾತನ್ನೇ ನಂಬಿ ಹೃದಯ ತಜ್ಞರ ಬಳಿಗೆ ಕಳಿಸಿದೆ. ಒಂದು ಮುಖ್ಯ ರಕ್ತನಾಳ ಬಹುಪಾಲು ಮುಚ್ಚಿತ್ತು. ಸ್ಟೆಂಟ್ ಹಾಕಿದರು. ಆಕೆ ಪರದೆ ಸರಿಸಿ ಸುಮ್ಮನೆ ಹೊರಟುಹೋಗಿದ್ದರೆ, ನನ್ನ ಚೀಟಿ ಹಿಡಿದುಕೊಂಡೇ ಆ ಯಜಮಾನರು ಮುಂದಿನ ಶುಕ್ರವಾರ ಮತ್ತೆ ಬೆಟ್ಟ ಹತ್ತುತ್ತಿದ್ದರು.

ತಪ್ಪು ಯಾರದು? ಮೊದಲನೆಯದು ನನ್ನದು. ಅವರ ಮಾತನ್ನು ಮುಗಿಯಲು ಬಿಡಲಿಲ್ಲ. ಜೊತೆಗೆ ಕುಳಿತಿದ್ದ ಹೆಂಡತಿಯನ್ನು ಏನೂ ಕೇಳಲಿಲ್ಲ. ಇದು ನನ್ನೊಬ್ಬನ ಚಾಳಿಯಲ್ಲ ಎಂಬುದಕ್ಕೆ ಹಳೆಯದೊಂದು ಅಧ್ಯಯನವಿದೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು 74 ಭೇಟಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ರೋಗಿ ಮಾತು ಶುರುಮಾಡಿದ ಮೇಲೆ ವೈದ್ಯರು ನಡುವೆ ಬಾಯಿ ಹಾಕಲು ತೆಗೆದುಕೊಂಡದ್ದು ಸರಾಸರಿ 18 ಸೆಕೆಂಡು! ನಮ್ಮಲ್ಲಿ ಒಟ್ಟು ಭೇಟಿಯೇ ಚಿಕ್ಕದು. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ವರದಿಯಂತೆ ಸ್ವೀಡನ್ನಿನಲ್ಲಿ ವೈದ್ಯರು ಒಬ್ಬ ರೋಗಿಗೆ ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು ಕೊಟ್ಟರೆ, ಭಾರತದಲ್ಲಿ ಕೊಡುವುದು ಸುಮಾರು ಎರಡು ನಿಮಿಷ. ಬೆಳಗಿನ ಹೊತ್ತು ನಮ್ಮ ಕೆ.ಆರ್. ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನವರಷ್ಟೇ ಅಲ್ಲ, ಮಂಡ್ಯ, ಚಾಮರಾಜನಗರ, ಕೊಡಗಿನವರೂ ಆ ಸಾಲಿನಲ್ಲಿರುತ್ತಾರೆ.

ಆ ಎರಡು ನಿಮಿಷವನ್ನು ನೀವು ಹತ್ತು ಮಾಡಲಾರಿರಿ. ಆದರೆ ಬಾಗಿಲ ಬಳಿ ಹೇಳುವ ಮಾತನ್ನು ಕುರ್ಚಿಯ ಮೇಲೇ, ಮೊದಲನೆಯದಾಗಿಯೇ ಹೇಳಬಲ್ಲಿರಿ.

ಕಾಯಿಲೆಯ ಹೆಸರು ಬೇಡ, ಕಷ್ಟ ಹೇಳಿ

ನಮ್ಮ ಜನರಿಗೆ ಒಂದು ಅಭ್ಯಾಸ. ತಮಗೆ ಆಗುತ್ತಿರುವುದನ್ನು ಹೇಳುವ ಬದಲು ತಾವೇ ಕಾಯಿಲೆಗೆ ನಾಮಕರಣ ಮಾಡಿಕೊಂಡು ಬರುತ್ತಾರೆ. ಅದರಲ್ಲೂ ‘ಗ್ಯಾಸ್ಟ್ರಿಕ್’ ಎಂಬ ಪದದಷ್ಟು ಅನಾಹುತ ಮಾಡಿದ ಪದ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಹೊಟ್ಟೆ ಉಬ್ಬರ, ಹುಳಿತೇಗು, ಎದೆ ಬಿಗಿತ, ಬೆನ್ನಿನ ಚಳಕು, ಭುಜದ ನೋವು ಎಲ್ಲವೂ ಆ ಒಂದೇ ಚೀಲದೊಳಗೆ. ನಡೆದಾಗ, ಮೆಟ್ಟಿಲು ಹತ್ತಿದಾಗ, ಊಟವಾದೊಡನೆ ಓಡಾಡಿದಾಗ ಎದೆಯಲ್ಲಿ ಬಿಗಿತ ಬಂದು ನಿಂತರೆ ಇಳಿಯುವುದಾದರೆ ದಯವಿಟ್ಟು ಆ ಪದ ಬಳಸಬೇಡಿ. ಬೆವರು, ಉಸಿರುಕಟ್ಟುವುದು, ಎಡಗೈಗೋ ದವಡೆಗೋ ಹರಿಯುವ ನೋವು ಜೊತೆಗಿದ್ದು, ಕೂತರೂ ಇಳಿಯದಿದ್ದರೆ ಮಾತಿಗೂ ಕಾಯಬೇಡಿ, ಇ.ಸಿ.ಜಿ. ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ.

‘ಸುಸ್ತು’ ಇನ್ನೊಂದು ಅಂಥ ಪದ. ಒಬ್ಬರಿಗೆ ಸುಸ್ತೆಂದರೆ ಏದುಸಿರು, ಇನ್ನೊಬ್ಬರಿಗೆ ಕಾಲಲ್ಲಿ ಬಲವಿಲ್ಲದಿರುವುದು, ಮತ್ತೊಬ್ಬರಿಗೆ ಯಾವುದರಲ್ಲೂ ಮನಸ್ಸಿಲ್ಲದಿರುವುದು. ‘ತಲೆಸುತ್ತು’ ಎಂದಾಗಲೂ ಹಾಗೇ. ಮನೆ ಗಿರ್ರನೆ ತಿರುಗಿದಂತಾಗುತ್ತದೆಯೋ, ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯೋ? ಮೊದಲನೆಯದು ಕಿವಿಯ ಒಳಭಾಗದ ತೊಂದರೆಯಿಂದ ಬರಬಹುದು. ಎರಡನೆಯದು ರಕ್ತದೊತ್ತಡ ಇಳಿದದ್ದರಿಂದ. ಔಷಧ ಪೂರಾ ಬೇರೆ. ಆದ್ದರಿಂದ ಎಲ್ಲಿ, ಎಂದಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂಬುದನ್ನು ಮನೆಯಲ್ಲೇ ಯೋಚಿಸಿಕೊಂಡು ಬನ್ನಿ. ಪದ ಸಿಗದಿದ್ದರೆ ಕೈಯಿಂದ ತೋರಿಸಿ. “ಎದೆ ಹಿಡ್ಕಂಡದೆ ಸಾ” ಎಂದು ಮುಷ್ಟಿ ಬಿಗಿದು ಎದೆಯ ಮೇಲಿಡುವ ಹಳ್ಳಿಯ ರೈತ, ‘ಗ್ಯಾಸ್ಟ್ರಿಕ್’ ಎನ್ನುವ ಪೇಟೆಯವರಿಗಿಂತ ಎಷ್ಟೋ ಸ್ಪಷ್ಟವಾಗಿ ಹೇಳಿರುತ್ತಾನೆ.

ಹೆಂಗಸರಿಗೆ ಇನ್ನೊಂದು ತೊಡಕು. ಜೊತೆಗೆ ಅತ್ತೆಯೋ, ಬೆಳೆದ ಮಗನೋ ಇದ್ದರೆ ಬಿಳಿಸೆರಗಿನ ಮಾತು, ಮುಟ್ಟಿನ ಮಾತು ‘ಹೊಟ್ಟೆನೋವು’ ಆಗಿಬಿಡುತ್ತದೆ. “ಡಾಕ್ಟ್ರೇ, ನಿಮ್ಮ ಹತ್ತಿರ ಒಂದು ಮಾತು ಬೇರೆಯಾಗಿ ಆಡಬೇಕು” ಎನ್ನಿ. ಅಷ್ಟಂದರೆ ಸಾಕು, ಉಳಿದವರನ್ನು ಹೊರಗೆ ಕಳಿಸುವುದು ನಮ್ಮ ಕೆಲಸ.

‘ಕಾಫಿ ಮಾತ್ರ ಕುಡಿದೆ’

ಇನ್ನು ನಾವು ಹೇಳಿದ್ದು ನಿಮ್ಮ ಮನೆ ತಲುಪುವಾಗ ಏನಾಗಿರುತ್ತದೆ ನೋಡಿ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಹಾಗೆಂದು ಹೇಳಿ ಕಳಿಸಿದ ಗೃಹಿಣಿಯೊಬ್ಬರ ರಕ್ತಪರೀಕ್ಷೆ ಆರು ತಿಂಗಳಾದರೂ ಸರಿಹೋಗಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು, “ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಹೇಳಿ ಅಮ್ಮ” ಎಂದೆ. ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿಯ ಜೊತೆ ಮಾತ್ರೆ ನುಂಗುತ್ತಿದ್ದರು. “ಏನೂ ತಿಂದಿರಲ್ಲ ಡಾಕ್ಟ್ರೇ, ಕಾಫಿ ಮಾತ್ರ” ಎಂದರು. ಮೈಸೂರಿನ ಮನೆಗಳಲ್ಲಿ ಕಾಫಿಯನ್ನು ಆಹಾರವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು! ಕಾಫಿ ಆ ಮಾತ್ರೆಯನ್ನು ಕರುಳು ಹೀರದಂತೆ ತಡೆಯುತ್ತದೆ. ಮಾತ್ರೆಗೆ ನೀರು ಮಾತ್ರ. ಕಾಫಿ ಅರ್ಧದಿಂದ ಒಂದು ಗಂಟೆಯ ನಂತರ. ಸಕ್ಕರೆ ಕಾಯಿಲೆಯ ಖಾಲಿಹೊಟ್ಟೆ ರಕ್ತಪರೀಕ್ಷೆಯೂ ಇದೇ ಕಾಫಿಯಿಂದ ಎಷ್ಟು ಸಲ ಕೆಟ್ಟಿದೆಯೋ ದೇವರೇ ಬಲ್ಲ.

‘ಊಟವಾದ ಮೇಲೆ, ದಿನಕ್ಕೆ ಎರಡು’ ಎಂದು ಬೆಳಿಗ್ಗೆ-ರಾತ್ರಿಗೆಂದು ಕೊಟ್ಟ ಮಾತ್ರೆಯನ್ನು ಮಧ್ಯಾಹ್ನ ಒಂದು, ರಾತ್ರಿ ಒಂದು ನುಂಗುವವರಿದ್ದಾರೆ. ಅವರದು ತಪ್ಪೇ? ಬೆಳಿಗ್ಗೆ ತಿನ್ನುವುದು ತಿಂಡಿ, ಊಟವಲ್ಲ! ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕಾದ ಎದೆನೋವಿನ ಮಾತ್ರೆಯನ್ನು ನೀರಿನ ಜೊತೆ ನುಂಗಿದವರುಂಟು. “ಶುಗರ್ ನಾರ್ಮಲ್ ಬಂದಿದೆ” ಎಂದು ನಾವು ಸಂತೋಷದಿಂದ ಹೇಳಿದರೆ, ಕಾಯಿಲೆ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳ ನಂತರ ಕಾಲಿನ ಗಾಯದೊಂದಿಗೆ ಬರುವವರಂತೂ ಪ್ರತಿ ವಾರವೂ ಸಿಗುತ್ತಾರೆ. ಮಾತ್ರೆಯಿಂದಾಗಿ ನಾರ್ಮಲ್ ಬಂದಿದೆ ಎಂಬ ಅರ್ಧವಾಕ್ಯವನ್ನು ನಾವು ನುಂಗಿಕೊಂಡಿರುತ್ತೇವೆ.

ಮರೆವೂ ಸಹಜವೇ. ರಾಯ್ ಕೆಸೆಲ್ಸ್ ಎಂಬ ಡಚ್ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ನೋಡಿ 2003ರಲ್ಲಿ ಬರೆದಿರುವಂತೆ, ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗ ಕೂಡಲೇ ಮರೆತುಹೋಗುತ್ತದೆ. ನೆನಪಿನಲ್ಲಿ ಉಳಿದದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಇದಕ್ಕೆ ಮದ್ದು ತುಂಬ ಸುಲಭ, ಕಾಸಿಲ್ಲದ್ದು. ಚಿಕ್ಕಂದಿನಲ್ಲಿ ಮೇಷ್ಟರಿಗೆ ಮಗ್ಗಿ ಒಪ್ಪಿಸುತ್ತಿದ್ದಿರಲ್ಲ, ಹಾಗೆ ಏಳುವ ಮೊದಲು ಒಪ್ಪಿಸಿಬಿಡಿ: “ಡಾಕ್ಟ್ರೇ, ಬಿಳಿ ಮಾತ್ರೆ ತಿಂಡಿಗೆ ಮುಂಚೆ, ಕೆಂಪು ಮಾತ್ರೆ ರಾತ್ರಿ ಊಟ ಆದ ಮೇಲೆ, ಒಂದು ತಿಂಗಳು, ನಿಲ್ಲಿಸೋ ಹಾಗಿಲ್ಲ. ಸರಿ ತಾನೆ?” ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಬಹುದು. ಸಿಡುಕುವ ವೈದ್ಯರೂ ಇದಕ್ಕೆ ಸಿಡುಕುವುದು ಕಡಿಮೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಬನ್ನಿ, ಮೆಡಿಕಲ್ ಸ್ಟೋರಿನಿಂದ ನೀವೇ ತಂದ ನೋವಿನ ಮಾತ್ರೆ, ನಾಟಿ ಔಷಧ ಎಲ್ಲವೂ ಸೇರಿ. ಬೈಯುತ್ತಾರೆಂದು ಮುಚ್ಚಿಡುವುದು ಹೆಚ್ಚಾಗಿ ಆ ನೋವಿನ ಮಾತ್ರೆಯನ್ನೇ. ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದೂ ಎಷ್ಟೋ ಸಲ ಅದೇ.

ಕೆಟ್ಟ ಸುದ್ದಿಯ ಹೊತ್ತಿನಲ್ಲಿ

ಬಯಾಪ್ಸಿ ವರದಿ ಬಂದ ದಿನ ಮಗ ಒಬ್ಬನೇ ಒಳಗೆ ಬರುತ್ತಾನೆ. “ಅಪ್ಪನಿಗೆ ಹೇಳಬೇಡಿ ಸಾರ್, ಕುಸಿದುಹೋಗ್ತಾರೆ.” ಇಂಥ ಮಾತು ಕೇಳದ ವೈದ್ಯರು ಈ ಊರಿನಲ್ಲಿ ಇರಲಾರರು. ಯಾದವಗಿರಿಯಲ್ಲಿ ಮನೆ ಕಟ್ಟಿ ಬಾಳಿದ ಆರ್.ಕೆ. ನಾರಾಯಣ್ ಅವರ ‘ದಿ ಡಾಕ್ಟರ್ಸ್ ವರ್ಡ್’ ಎಂಬ ಕಥೆಯಲ್ಲಿ ಎಂದೂ ಸುಳ್ಳಾಡದ ವೈದ್ಯರೊಬ್ಬರಿದ್ದಾರೆ. ಸಾವಿನಂಚಿನಲ್ಲಿರುವ ಗೆಳೆಯನಿಗೆ, ಬದುಕುತ್ತೀಯೆಂದು ಅವರು ಮೊದಲ ಬಾರಿಗೆ ಸುಳ್ಳು ಹೇಳುತ್ತಾರೆ. ಗೆಳೆಯ ನಿಜವಾಗಿ ಬದುಕಿಬಿಡುತ್ತಾನೆ. ಕಥೆ ಓದಿದ ಕೆಲವರು, “ನೋಡಿ, ಸುಳ್ಳೇ ಒಳ್ಳೆಯದು” ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಅಷ್ಟು ವರ್ಷ ನಿಜವನ್ನೇ ಹೇಳಿದ್ದರಿಂದಲ್ಲವೇ ಅವರ ಮಾತಿಗೆ ಆ ತೂಕ ಬಂದದ್ದು?

ಮನೆಮಂದಿಯೆಲ್ಲ ಪಿಸುಗುಟ್ಟುತ್ತ, ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ ಅಪ್ಪನಿಗೆ ಗೊತ್ತಾಗದೇ ಇರುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಅವರು ಒಬ್ಬರೇ ನರಳುತ್ತಾರೆ. ನಾನು ಮಗನಿಗೆ ಹೇಳುವುದಿಷ್ಟು: “ಅವರಾಗಿ ಕೇಳದಿದ್ದರೆ ನಾನು ಒತ್ತಾಯದಿಂದ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ.” ಅಪ್ಪನನ್ನು ಕೇಳುವುದೂ ಇಷ್ಟೇ: “ವರದಿ ಬಂದಿದೆ. ನಿಮಗೆ ಎಷ್ಟು ತಿಳಿಯಬೇಕು ಅನಿಸುತ್ತೆ, ಹೇಳಿ.” ಕೆಲವರು, “ಮಗನಿಗೆ ಹೇಳಿ ಸಾಕು” ಎನ್ನುತ್ತಾರೆ. ಬಹಳ ಮಂದಿ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಕಾನೂನೂ ರೋಗಿಯ ಪರವಾಗಿಯೇ ಇದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅದು ಏನು, ಏಕೆ, ಅದರ ಅಪಾಯವೇನು, ಬೇರೆ ದಾರಿ ಉಂಟೇ ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ಒಳರೋಗಿಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲಿದ್ದರೆ, “ಕನ್ನಡದಲ್ಲಿ ಹೇಳಿ, ಆಮೇಲೆ ಹಾಕ್ತೀನಿ” ಎನ್ನಲು ಹಿಂಜರಿಯಬೇಡಿ. ತೀವ್ರ ನಿಗಾ ಘಟಕದಲ್ಲಿ ನಿಮ್ಮವರಿದ್ದಾಗ ಮನೆಯವರ ಪರವಾಗಿ ಒಬ್ಬರೇ ದಿನಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ವೈದ್ಯರನ್ನು ಕಾಣುವ ಏರ್ಪಾಡು ಮಾಡಿಕೊಳ್ಳಿ. ಆಸ್ಪತ್ರೆಗಳಲ್ಲಿ ಗಲಾಟೆ ಮಾಡುವವರನ್ನು ಶಿಕ್ಷಿಸಲು ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾನೂನು ಬಂದಿದೆ, ಅದು ಬೇಕಾದದ್ದೇ. ಆದರೆ ನಾನು ಕಂಡ ಗಲಾಟೆಗಳಲ್ಲಿ ಬಹುಪಾಲು ಹೊತ್ತಿಕೊಂಡದ್ದು ‘ಬೆಳಿಗ್ಗೆಯಿಂದ ಯಾರೂ ಒಂದು ಮಾತೂ ಹೇಳಲಿಲ್ಲ’ ಎಂಬ ಸಂಕಟದಿಂದ.

ನಾನು ಓದುವಾಗ ಮಾತಾಡುವುದನ್ನು ನಮಗೆ ಯಾರೂ ಕಲಿಸಲಿಲ್ಲ. ದೊಡ್ಡ ಡಾಕ್ಟರು ರೋಗಿಯನ್ನು ಗದರಿದರೆ ನಾವೂ ಗದರಲು ಕಲಿತೆವು. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ಸಂವಹನ ಎಂಬ ಪಾಠವೇ ಸೇರಿದೆ. ಮೊದಲ ವರ್ಷದಲ್ಲೇ ಸ್ಥಳೀಯ ಭಾಷೆಯ ತರಬೇತಿಯೂ ಇದೆ. ಹೊರರಾಜ್ಯದಿಂದ ಬಂದ ಹುಡುಗ ತೊದಲುಗನ್ನಡದಲ್ಲಿ “ಎಲ್ಲಿ ನೋವು ಅಜ್ಜಿ?” ಎಂದು ಕೇಳಿದರೆ ನಗಬೇಡಿ. ನಿಧಾನವಾಗಿ, ಬಿಡಿಸಿ ಹೇಳಿ.

ಇನ್ನು ವಯಸ್ಸಾದವರ ವಿಷಯ. ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಅಜ್ಜಿಗೆ ಅರ್ಥವಾಗಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅವರಿಗೆ ಕೇಳಿಸಿಯೇ ಇರುವುದಿಲ್ಲ. ಮತ್ತೆ ಕೇಳಲು ನಾಚಿಕೆ. ಮನೆಯಲ್ಲಿ ಟಿ.ವಿ. ಸದ್ದು ಹೆಚ್ಚಾಗುತ್ತಿದ್ದರೆ, ಫೋನಿನಲ್ಲಿ “ಏನು? ಏನು?” ಎನ್ನುತ್ತಿದ್ದರೆ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಅದಕ್ಕೆಂದೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಶ್ರವಣ ಯಂತ್ರ ಈಗಾಗಲೇ ಇದ್ದರೆ ಆಸ್ಪತ್ರೆಗೆ ಹೊರಡುವಾಗ ಹಾಕಿಸಿಕೊಂಡೇ ಕರೆತನ್ನಿ. ಕಳೆದುಹೋದೀತೆಂದು ಅದನ್ನು ಬೀರುವಿನಲ್ಲಿಟ್ಟು ಬರುವವರೇ ಹೆಚ್ಚು.