ಎಲ್ಲರಿಗೂ ಆರೋಗ್ಯ: ಸಹಕಾರಿಗಳ ದಾರಿ

1978ರಲ್ಲಿ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ಸೇರಿದ ರಾಷ್ಟ್ರಗಳು, 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂಬ ಧ್ಯೇಯವನ್ನು ಸಾರಿದವು. ಗಡುವು ಕಳೆಯಿತು, ಅನೇಕ ರೈತರಿಗೆ ಶಸ್ತ್ರಚಿಕಿತ್ಸೆಯೆಂದರೆ ಸಾಲವೇ ಆಗಿತ್ತು.

ನಮ್ಮ ರಾಜ್ಯ ಸಹಕಾರದ ದಾರಿ ಹಿಡಿಯಿತು. 2003ರಲ್ಲಿ ಆರಂಭವಾದ ಯಶಸ್ವಿನಿಯಲ್ಲಿ ಸಹಕಾರ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂ. ಕಟ್ಟಿದರೆ, ನಿಗದಿತ ಶಸ್ತ್ರಚಿಕಿತ್ಸೆಗಳು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಖರ್ಚಿಲ್ಲದೆ ದೊರೆಯುತ್ತಿದ್ದವು. ಕಾಯಿಲೆ ಕೆಲವರಿಗೆ, ವಂತಿಗೆ ಎಲ್ಲರದು. ಇದೇ ಅದರ ತತ್ವ.

2018ರಲ್ಲಿ ನಿಂತ ಯೋಜನೆ 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂದಿತು. ನೋಂದಣಿಗೆ ಅವಧಿಯುಂಟು, ನೋವು ಬಂದ ದಿನ ಹೆಸರು ಬರೆಸಲಾಗದು. ಬದನವಾಳು ಸುತ್ತಿನ ಬೆಳೆಗಾರ ಬಾಂಧವರು ಫಸಲಿನ ಹಣದಲ್ಲಿ ವಂತಿಗೆಯನ್ನು ಮೊದಲೇ ತೆಗೆದಿಟ್ಟು, ಈಗಿನ ದರ ಹಾಗೂ ಕೊನೆಯ ದಿನಾಂಕವನ್ನು ತಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಬೇಕಾಗಿ ವಿನಂತಿ.