ಬಣ್ಣ ಬಿಡಿಸುವ ವಿದ್ಯೆ

ಸೊಲ್ಲಾಪುರದ ಚಾದರಿನ ಬಣ್ಣ ನೋಡುತ್ತ ಬೆಳೆದ ಕುಂಭಾರಿಯ ಮಕ್ಕಳಿಗೆ, ಬಣ್ಣ ಬಿಡಿಸುವುದೂ ಒಂದು ವಿದ್ಯೆಯೆಂದು ಯಾರಾದರೂ ಹೇಳಬೇಕು. ಅದರ ಹೆಸರು ಕ್ರೊಮಟೊಗ್ರಫಿ. 1906ರಲ್ಲಿ ಹಾಗೆ ಹೆಸರಿಟ್ಟವರು ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ, ಹಸಿರು-ಹಳದಿ ಪಟ್ಟೆಗಳಾಗಿ ಬೇರ್ಪಡಿಸಿದರು. 1919ರಲ್ಲಿ ಅವರು ತೀರಿಕೊಂಡಾಗಲೂ ಹೆಚ್ಚಿನವರು ಅದನ್ನು ಗಣನೆಗೆ ತಂದುಕೊಂಡಿರಲಿಲ್ಲ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಕೆ.ವಿ. ಗಿರಿಯವರು 1950ರ ದಶಕದ ಆರಂಭದಲ್ಲಿ ದುಂಡು ಕಾಗದದ ಮೇಲೆ ಅಮೈನೋ ಆಮ್ಲಗಳನ್ನು ಉಂಗುರ ಉಂಗುರವಾಗಿ ಬೇರ್ಪಡಿಸಿ ಗುರುತಿಸುವ ವಿಧಾನವನ್ನು ಬೆಳೆಸಿದರು. ಬೇಕಾದದ್ದು ಕಾಗದ, ದ್ರಾವಕ, ತಾಳ್ಮೆ. ಇಂದು ಇದಕ್ಕೆ ದೊಡ್ಡ ಯಂತ್ರಗಳಿವೆ. ಔಷಧದ ಶುದ್ಧತೆ ನೋಡುವುದೂ ಅವುಗಳಿಂದಲೇ.

ಎಂ.ಎಸ್ಸಿ. ಆದ ಮೇಲೂ ಓದುತ್ತೇನೆ ಎನ್ನುವ ಮಗಳಿಗೆ, "ಇನ್ನೆಷ್ಟು ವರ್ಷ?" ಎಂದು ಕೇಳುವ ತಂದೆತಾಯಿಗಳೇ, ಒಂದು ಸಂಜೆ ಬ್ಲಾಟಿಂಗ್ ಪೇಪರಿನ ನಡುವೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆಯಿಟ್ಟು, ಅದರ ಮೇಲೆ ನಿಧಾನವಾಗಿ ನೀರು ಹನಿಸಿ, ಅವಳ ಜೊತೆ ಕುಳಿತು ನೋಡಿರಿ.